ನಡುಕ ನಿಂತ ಹೊತ್ತು: ಘಟ್ಟದ ಮಳೆಯಲ್ಲಿ ನಡೆದ ಒಂದು ಕಾಲುಮುರಿತದ ಪ್ರಕರಣ

ಜುಲೈ ತಿಂಗಳ ಒಂದು ಶನಿವಾರ, ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದಂಚಿನ ಹುಲ್ಲುಗುಡ್ಡವೊಂದರ ಇಳಿಜಾರಿನಲ್ಲಿ ನಲವತ್ತರ ಆಸುಪಾಸಿನ ಚಾರಣಿಗರೊಬ್ಬರ ಬಲಗಾಲು ಮುರಿಯಿತು. ಮಧ್ಯಾಹ್ನ 1.20ಕ್ಕೆ ಬಿದ್ದವರು ಆಸ್ಪತ್ರೆ ತಲುಪಿದಾಗ ರಾತ್ರಿ ಹತ್ತು ದಾಟಿತ್ತು. ಈಗ ಅವರು ಚೆನ್ನಾಗಿ ನಡೆದಾಡುತ್ತಿದ್ದಾರೆ. ಆದರೆ ಆ ಒಂಬತ್ತು ಗಂಟೆಗಳಲ್ಲಿ ಅವರ ಜೀವ ಅಪಾಯಕ್ಕೆ ಸಿಕ್ಕಿದ್ದು ಮುರಿದ ಕಾಲಿನಿಂದಲ್ಲ, ಚಳಿಯಿಂದ. ಹಿಮವಿಲ್ಲದ, ಎರಡು ಸಾವಿರ ಮೀಟರ್ ಎತ್ತರವನ್ನೂ ಮುಟ್ಟದ ನಮ್ಮ ಘಟ್ಟದಲ್ಲಿ ಚಳಿ ಮನುಷ್ಯನನ್ನು ಕೊಲ್ಲುವ ಹತ್ತಿರ ಬಂದಿತ್ತು ಎಂದರೆ ಅನೇಕರು ನಂಬುವುದಿಲ್ಲ. ಈ ಪ್ರಕರಣವನ್ನು ವಿವರವಾಗಿ ಬರೆಯಲು ಆ ಅಪನಂಬಿಕೆಯೇ ಕಾರಣ.

ನಾನು ಕಾಡುಮೇಡುಗಳಲ್ಲಿ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನು ಕಲಿಸುವವನು. ಘಟನೆಯ ಬಳಿಕ ತಂಡದವರನ್ನು, ಹಳ್ಳಿಯವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತನಾಡಿಸಿ, ಆ ದಿನ ಬರೆದ ಟಿಪ್ಪಣಿಗಳನ್ನು ನೋಡಿ ಇದನ್ನು ಸಿದ್ಧಪಡಿಸಿದ್ದೇನೆ. ಎಲ್ಲರ ಒಪ್ಪಿಗೆ ಇದೆ. ಹೆಸರು, ಊರು, ವೃತ್ತಿಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳನ್ನು, ಅವುಗಳ ಕ್ರಮವನ್ನು ಬದಲಿಸಿಲ್ಲ.

ಹಿನ್ನೆಲೆ

ತಂಡದಲ್ಲಿ ಹದಿಮೂರು ಮಂದಿ. ಬೆಂಗಳೂರು, ಮೈಸೂರಿನವರು, ಹೆಚ್ಚಿನವರು ವರ್ಷಕ್ಕೆ ಒಂದೆರಡು ಚಾರಣ ಮಾಡುವವರು. ಅರಣ್ಯ ಇಲಾಖೆಯ ಅನುಮತಿ ಪಡೆದು, ಬುಡದ ಹಳ್ಳಿಯ ಮಾರ್ಗದರ್ಶಿಯೊಬ್ಬರನ್ನು ಕರೆದುಕೊಂಡು ಬೆಳಗ್ಗೆ ಏಳೂವರೆಗೆ ಹೊರಟಿದ್ದರು. ಮಾರ್ಗದರ್ಶಿಗೆ ಐವತ್ತೈದು ದಾಟಿದೆ. ಗದ್ದೆ, ಸ್ವಲ್ಪ ಅಡಿಕೆ, ಕೊಟ್ಟಿಗೆ ತುಂಬ ದನಗಳಿರುವ ಮನೆ. ಜೊತೆಗೆ ಅವರ ಅಣ್ಣನ ಮಗ, ಇಪ್ಪತ್ತರ ಹುಡುಗ.

ತಂಡದ ಸದಸ್ಯೆಯೊಬ್ಬರು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ಎಂಟು ತಿಂಗಳ ಹಿಂದೆ ಎರಡು ದಿನಗಳ, ಹದಿನಾರು ಗಂಟೆಗಳ ತರಬೇತಿ ಪಡೆದಿದ್ದರು. ಪಟ್ಟಣದ ಪ್ರಥಮ ಚಿಕಿತ್ಸೆಗೂ ಕಾಡಿನದಕ್ಕೂ ಇರುವ ಮುಖ್ಯ ವ್ಯತ್ಯಾಸ ಸಮಯದ್ದು. ಪಟ್ಟಣದಲ್ಲಿ ಆಂಬುಲೆನ್ಸ್ ಬರುವವರೆಗಿನ ಕೆಲವು ನಿಮಿಷಗಳನ್ನು ನಿಭಾಯಿಸಿದರೆ ಸಾಕು. ಕಾಡಿನಲ್ಲಿ ಗಾಯಾಳುವನ್ನು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ನೋಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅಲ್ಲಿ ಪಟ್ಟಿ ಕಟ್ಟುವ ಕೌಶಲಕ್ಕಿಂತ ಮತ್ತೆ ಮತ್ತೆ ಪರೀಕ್ಷಿಸಿ, ಬರೆದಿಟ್ಟು, ಬದಲಾವಣೆಯನ್ನು ಗುರುತಿಸುವ ಅಭ್ಯಾಸವೇ ದೊಡ್ಡದು. ಎರಡು ದಿನಗಳ ತರಬೇತಿ ಇದರ ಮೊದಲ ಮೆಟ್ಟಿಲು. ವೃತ್ತಿಪರ ಮಾರ್ಗದರ್ಶಕರಿಗೆಂದೇ ಎಂಬತ್ತು ಗಂಟೆಗಳ ಆಸುಪಾಸಿನ ಇನ್ನೊಂದು ತರಬೇತಿ ಇದೆ. ಆ ತಂಡದಲ್ಲಿ ಅದನ್ನು ಪಡೆದವರು ಯಾರೂ ಇರಲಿಲ್ಲ.

ಬಟ್ಟೆಯ ವಿಷಯ ಹೇಳಲೇಬೇಕು. ಗಾಯಾಳು ಹತ್ತಿಯ ಟೀ ಶರ್ಟ್, ಜೀನ್ಸ್ ಪ್ಯಾಂಟ್ ತೊಟ್ಟು, ಮೇಲೆ ದಾರಿಬದಿಯ ಅಂಗಡಿಯಲ್ಲಿ ಕೊಂಡ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿದ್ದರು. ಹತ್ತುವಾಗ ಬೆವರಿನಿಂದ ಒಳಗೆ ನೆನೆದರು. ಶಿಖರದ ಗಾಳಿಗೆ ರೇನ್‌ಕೋಟ್ ಕಂಕುಳಿನಿಂದ ಹರಿದಾಗ ಹೊರಗಿನಿಂದಲೂ ನೆನೆದರು. ಮಾರ್ಗದರ್ಶಿ ಮಾತ್ರ ಮಲೆನಾಡಿನ ರೂಢಿಯಂತೆ ಕಂಬಳಿಕೊಪ್ಪೆ ಹೊದ್ದಿದ್ದರು. ಆ ಕಂಬಳಿ ಮುಂದೆ ಈ ಕಥೆಯಲ್ಲಿ ಬರುತ್ತದೆ.

ಬಿದ್ದ ಹೊತ್ತು

ಶಿಖರ ಮುಟ್ಟಿ ಇಳಿಯುತ್ತಿದ್ದಾಗ ಎರಡು ಕಲ್ಲುಗಳ ನಡುವೆ ಬಲಪಾದ ಸಿಕ್ಕಿಕೊಂಡಿತು. ದೇಹ ಎಡಕ್ಕೆ ತಿರುಗಿ ಬಿತ್ತು. ಹಿಂದಿದ್ದವರಿಗೆ ಒಣ ಕಡ್ಡಿ ಮುರಿದ ಸದ್ದು ಕೇಳಿಸಿತಂತೆ. ಮೊಣಕಾಲು ಮತ್ತು ಪಾದದ ನಡುವೆ ಕಾಲು ಹೊರಕ್ಕೆ ತುಸು ವಾಲಿತ್ತು. ಚರ್ಮ ಹರಿದಿರಲಿಲ್ಲ, ರಕ್ತ ಬರುತ್ತಿರಲಿಲ್ಲ.

ಶಿಕ್ಷಕಿ ಕಲಿತದ್ದನ್ನು ಕ್ರಮವಾಗಿಯೇ ಮಾಡಿದರು. ಮೊದಲು ಸುತ್ತಲಿನ ಜಾಗ ಸುರಕ್ಷಿತವೇ, ಮೇಲಿನಿಂದ ಕಲ್ಲು ಉರುಳುವ ಅಪಾಯವಿದೆಯೇ ನೋಡಿದರು. ನಂತರ ಉಸಿರು, ರಕ್ತಸ್ರಾವ, ಪ್ರಜ್ಞೆ. ತಲೆಗೆ ಪೆಟ್ಟು ಬಿದ್ದಿಲ್ಲ, ಕುತ್ತಿಗೆ ಬೆನ್ನಿನಲ್ಲಿ ನೋವಿಲ್ಲ, ಕೈಕಾಲುಗಳಲ್ಲಿ ಜುಮುಗುಟ್ಟುವಿಕೆ ಇಲ್ಲ ಎಂಬುದನ್ನು ಖಚಿತಪಡಿಸಿಕೊಂಡು ಬೆನ್ನುಹುರಿಯ ಚಿಂತೆ ಬಿಟ್ಟರು. ತಲೆಯಿಂದ ಪಾದದವರೆಗೆ ಮುಟ್ಟಿ ನೋಡಿದರು. ಆಮೇಲಷ್ಟೇ ಕಾಲಿಗೆ ಕೈ ಹಾಕಿದರು.

ಮುರಿದ ಕಾಲಿಗೆ ದಬ್ಬೆ ಕಟ್ಟುವ ಮುಂಚೆ ಮತ್ತು ಕಟ್ಟಿದ ನಂತರ ಮೂರು ಸಂಗತಿ ನೋಡಬೇಕು: ಪಾದಕ್ಕೆ ರಕ್ತ ಹೋಗುತ್ತಿದೆಯೇ, ಮುಟ್ಟಿದರೆ ಗೊತ್ತಾಗುತ್ತದೆಯೇ, ಬೆರಳು ಅಲುಗಾಡುತ್ತದೆಯೇ. ಶಿಕ್ಷಕಿ ಬಲಗಾಲಿನ ಶೂ ದಾರ ಸಡಿಲಿಸಿ ಕಾಲುಚೀಲದೊಳಗೆ ಬೆರಳು ತೂರಿಸಿದರು. ಪಾದ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರೆ ಬಣ್ಣ ಮರಳಲು ನಾಲ್ಕೈದು ಸೆಕೆಂಡು ಹಿಡಿಯುತ್ತಿತ್ತು. ಎರಡು ಸೆಕೆಂಡಿನೊಳಗೆ ಮರಳಬೇಕು. ರಕ್ತನಾಳ ಹಿಸುಕಿಹೋಗಿದೆಯೇ ಎಂದು ಗಾಬರಿಯಾಯಿತು. ತರಬೇತಿಯಲ್ಲಿ ಹೇಳಿದ್ದ ಮಾತು ನೆನಪಾಗಿ, ಗಾಯವಾಗದ ಎಡಗಾಲಿನ ಶೂವನ್ನೂ ಬಿಚ್ಚಿ ಹೋಲಿಸಿದರು. ಅದೂ ಅಷ್ಟೇ ತಣ್ಣಗಿತ್ತು. ಅಲ್ಲಿಯೂ ಬಣ್ಣ ಅಷ್ಟೇ ನಿಧಾನವಾಗಿ ಮರಳಿತು. ಪಾದದ ಮೇಲ್ಭಾಗದ ನಾಡಿ ಎರಡೂ ಕಡೆ ಸಿಕ್ಕಿತು.

ಟಿಪ್ಪಣಿಯಲ್ಲಿ ಅವರು ಬರೆದದ್ದು: ‘1.45. ಎರಡೂ ಪಾದ ತಣ್ಣಗೆ, ಸಮ. ನಾಡಿ ಇದೆ. ಬಲಗಾಲಿಗೆ ರಕ್ತ ಸರಿ.’

ಈ ಸಾಲಿನ ಮುಂದೆ ನಾನು ಪ್ರತಿ ತರಬೇತಿಯಲ್ಲೂ ಬಹಳ ಹೊತ್ತು ನಿಲ್ಲುತ್ತೇನೆ. ಕಾಲಿನ ಬಗ್ಗೆ ಅವರು ಕೇಳಿದ ಪ್ರಶ್ನೆಗೆ ಇದು ಸರಿಯಾದ ಉತ್ತರ. ಅದೇ ಸಾಲಿನಲ್ಲಿ ಇನ್ನೂ ದೊಡ್ಡ ಪ್ರಶ್ನೆಯೊಂದರ ಉತ್ತರವೂ ಇತ್ತು. ಆ ಪ್ರಶ್ನೆಯನ್ನು ಆಗ ಯಾರೂ ಕೇಳಿರಲಿಲ್ಲ. ಗಾಯವಾಗದ ಕಾಲು ಏಕೆ ಅಷ್ಟು ತಣ್ಣಗಿತ್ತು? ದೇಹ ತನ್ನ ಶಾಖವನ್ನು ಎದೆ, ಹೊಟ್ಟೆ, ಮಿದುಳಿಗಾಗಿ ಕಾಯ್ದಿಟ್ಟುಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಬಿಗಿಯತೊಡಗಿತ್ತು. ಮುರಿದ ಕಾಲು ಕಣ್ಣಿಗೆ ಕಾಣುತ್ತದೆ, ಗಾಯಾಳುವನ್ನು ಕೂಗಿಸುತ್ತದೆ, ಸುತ್ತಲಿನವರೆಲ್ಲರ ಗಮನವನ್ನು ಹಿಡಿದಿಡುತ್ತದೆ. ಚಳಿ ಸದ್ದು ಮಾಡುವುದಿಲ್ಲ.

ಬೆನ್ನುಚೀಲದೊಳಗಿನ ಸ್ಪಂಜಿನ ಹಾಳೆಯನ್ನು ಕಿತ್ತು ಕಾಲಿಗೆ ಸುತ್ತಿ, ಎರಡೂ ಬದಿಗೆ ಚಾರಣದ ಕೋಲುಗಳನ್ನಿಟ್ಟು, ಮೊಣಕಾಲು ಮತ್ತು ಪಾದದ ಕೀಲು ಎರಡೂ ಅಲುಗದಂತೆ ಕ್ರೇಪ್ ಬ್ಯಾಂಡೇಜಿನಿಂದ ಕಟ್ಟಿದರು. ಆಮೇಲೆ ಆಸ್ಪತ್ರೆಯ ಮೂಳೆ ವೈದ್ಯರು ಆ ಕಟ್ಟನ್ನು ಮೆಚ್ಚಿಕೊಂಡರು. ಕಟ್ಟಿ ಮುಗಿಸುವಾಗ ಗಂಟೆ ಎರಡು. ಅಷ್ಟು ಹೊತ್ತೂ ಗಾಯಾಳು ನೀರು ಹರಿಯುತ್ತಿದ್ದ ಹುಲ್ಲಿನ ಮೇಲೆ, ಗಾಳಿಗೆ ಮೈಯೊಡ್ಡಿ ಮಲಗಿದ್ದರು. ಅವರು ಗಡಗಡ ನಡುಗುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ನೋವಿಗೆ, ಹೆದರಿಕೆಗೆ ನಡುಗುತ್ತಿದ್ದಾರೆ ಎಂದುಕೊಂಡರು.

ಒಂದು ಚೀಟಿ

ಈ ನಡುವೆ 1.40ಕ್ಕೇ ಒಂದು ಒಳ್ಳೆಯ ಕೆಲಸ ನಡೆದಿತ್ತು. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಮಾರ್ಗದರ್ಶಿಯ ಅಣ್ಣನ ಮಗನನ್ನೂ ಚುರುಕಾದ ಒಬ್ಬ ಚಾರಣಿಗನನ್ನೂ ಕೆಳಗೆ ಓಡಿಸಬೇಕೆಂದು ತೀರ್ಮಾನವಾಯಿತು. ಹುಡುಗ ಆಗಲೇ ಹೊರಟುನಿಂತಿದ್ದ. ಶಿಕ್ಷಕಿ ತಡೆದು, ಅನುಮತಿ ಪತ್ರದ ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆದು, ಖಾಲಿ ಚಿಪ್ಸ್ ಪೊಟ್ಟಣದೊಳಗೆ ಮಡಚಿಟ್ಟು ಕೊಟ್ಟರು. ಗಾಯಾಳುವಿನ ವಯಸ್ಸು, ಏನಾಗಿದೆ, ಪ್ರಜ್ಞೆ ಹೇಗಿದೆ, ಯಾವ ಜಾಗ, ಅಲ್ಲಿ ಎಷ್ಟು ಮಂದಿ ಇದ್ದಾರೆ, ಏನೇನು ಬೇಕು. ಬೇಕಾದವುಗಳ ಪಟ್ಟಿಯಲ್ಲಿ ಎಂಟು ಹತ್ತು ಜನ, ಬಿದಿರಿನ ಗಳ, ಹಗ್ಗ, ಬೆಳಕು ಎಂದಿತ್ತು. ಮಾರ್ಗದರ್ಶಿ ಇಣುಕಿ ನೋಡಿ, ‘ಕಂಬಳಿ ಅಂತ ಬರೆಯಿರಿ ಟೀಚರೇ, ಮನೆಗೊಂದು ಇದ್ದೇ ಇರುತ್ತದೆ’ ಎಂದರು. ಸೇರಿಸಿದರು.

ಬಾಯಿಮಾತಿನ ಸುದ್ದಿ ಓಡುತ್ತ ಓಡುತ್ತ ಬದಲಾಗುತ್ತದೆ. ಇನ್ನೊಂದು ಘಟನೆಯಲ್ಲಿ ‘ಕಾಲು ಉಳುಕಿದೆ’ ಎಂಬುದು ಕೆಳಗೆ ತಲುಪುವಾಗ ‘ಒಬ್ಬರು ಹೋಗಿಬಿಟ್ಟಿದ್ದಾರೆ’ ಎಂದಾಗಿ, ಜನ ಚಿಕಿತ್ಸೆಯ ಸಾಮಾನಿಲ್ಲದೆ ಹತ್ತಿದ್ದುಂಟು. ಇಲ್ಲಿ ಚೀಟಿಯನ್ನು ಹಳ್ಳಿಯ ಅಂಗಡಿಯ ಮುಂದೆ ಗಟ್ಟಿಯಾಗಿ ಓದಲಾಯಿತು. ಅದರಲ್ಲಿ ಬರೆದದ್ದಷ್ಟೂ ಮೇಲೆ ಬಂತು. 108ಕ್ಕೆ ಕರೆ ಹೋಗಿ, ಡಾಂಬರು ರಸ್ತೆ ಮುಗಿಯುವಲ್ಲಿ ಆಂಬುಲೆನ್ಸ್ ಕಾಯುವಂತೆ ಏರ್ಪಾಡಾಯಿತು.

ಹೊತ್ತು ನಡೆದ ನಲವತ್ತು ನಿಮಿಷ

ತಂಡದ ನಾಯಕರಿಗೆ ಸುಮ್ಮನೆ ಕೂರುವುದು ಸಹನೆಯಾಗಲಿಲ್ಲ. ಮಳೆಗಾಲದಲ್ಲಿ ಕಾಡಿನೊಳಗೆ ಆರು ಗಂಟೆಗೇ ಕತ್ತಲು. ಹಳ್ಳಿಯವರು ಬರುವಷ್ಟರಲ್ಲಿ ಅರ್ಧ ದಾರಿಯಾದರೂ ಇಳಿದಿರೋಣ ಎಂಬುದು ಅವರ ಲೆಕ್ಕ. ಎರಡು ರೇನ್‌ಕೋಟುಗಳ ತೋಳಿನೊಳಗೆ ಕೋಲು ತೂರಿಸಿ ಡೋಲಿಯಂತೊಂದನ್ನು ಮಾಡಿದರು. 2.10ಕ್ಕೆ ಹೊರಟರು.

ಹೊರುವುದು ಎಷ್ಟು ಕಷ್ಟ ಎಂಬುದು ಹೊತ್ತವರಿಗಷ್ಟೇ ಗೊತ್ತು. ಜಾರುವ ಇಳಿಜಾರಿನಲ್ಲಿ ಒಬ್ಬ ವಯಸ್ಕರನ್ನು ಹೊರಲು ಒಮ್ಮೆಗೆ ಆರು ಜನ ಬೇಕು, ಕೆಲವೇ ನಿಮಿಷಗಳಿಗೊಮ್ಮೆ ಕೈ ಬದಲಿಸಲು ಇನ್ನಾರು. ನಡೆದು ಎರಡು ಗಂಟೆಯ ದಾರಿ ಹೊತ್ತು ಸಾಗುವಾಗ ಐದಾರು ಗಂಟೆಯಾಗುವುದು ಸಾಮಾನ್ಯ. ಇವರು ನಲವತ್ತು ನಿಮಿಷಗಳಲ್ಲಿ ಸಾಗಿದ್ದು ಇನ್ನೂರು ಮೀಟರಿನಷ್ಟು. ರೇನ್‌ಕೋಟಿನ ಹೊಲಿಗೆ ಬಿಚ್ಚಿತು. ಇಬ್ಬರು ಜಾರಿ ಬಿದ್ದರು. ರೇನ್‌ಕೋಟ್ ಬಿಚ್ಚಿಕೊಟ್ಟಿದ್ದ ಹುಡುಗಿಯೊಬ್ಬಳ ತುಟಿ ನೀಲಿಗಟ್ಟಿತ್ತು. ಒಬ್ಬರ ಬದಲು ಮೂವರು ಗಾಯಾಳುಗಳಾಗುವ ದಾರಿಯಲ್ಲಿದ್ದರು.

2.50ಕ್ಕೆ ಕೈ ಬದಲಿಸಲು ಕೆಳಗಿಳಿಸಿದಾಗ ನಾಯಕರು ಸಮಾಧಾನದಿಂದ ಹೇಳಿದರು: ‘ಈಗ ಪರವಾಗಿಲ್ಲ, ನಡುಕ ಕಡಿಮೆಯಾಗಿದೆ.’

ಶಿಕ್ಷಕಿ ಬಾಗಿ ನೋಡಿದರು. ನಡುಕ ಬಹುಮಟ್ಟಿಗೆ ನಿಂತಿತ್ತು. ಗಾಯಾಳು ನೋವಿನ ಮಾತನ್ನೂ ಆಡುತ್ತಿರಲಿಲ್ಲ. ಇವತ್ತು ಯಾವ ವಾರ ಎಂದು ಕೇಳಿದಾಗ ತುಸು ತಡೆದು, ನಾಲಗೆ ಎಳೆಯುತ್ತ ‘ಮಂಗಳವಾರ’ ಎಂದರು. ರೇನ್‌ಕೋಟಿನ ಗುಂಡಿ ಹಾಕಿಕೊಳ್ಳಲು ಹೇಳಿದರೆ ಬೆರಳು ಗುಂಡಿಯನ್ನು ಹಿಡಿಯಲಿಲ್ಲ. ಶಿಕ್ಷಕಿ ಟಿಪ್ಪಣಿಯನ್ನು ತೆರೆದರು. 1.30ಕ್ಕೆ ನಾಡಿ 112, ಮಾತು ಸ್ಪಷ್ಟ, ನಡುಕ ಜೋರು. 2.05ಕ್ಕೆ ನಾಡಿ 100. ಈಗ 78. ನೋವಿನಲ್ಲಿರುವ, ಮೂಳೆ ಮುರಿದು ಒಳಗೆ ರಕ್ತ ಸೋರುತ್ತಿರುವ ಮನುಷ್ಯನ ನಾಡಿ ಇಷ್ಟು ಇಳಿದರೆ ಅದನ್ನು ಚೇತರಿಕೆ ಎನ್ನಲಾಗದು. ಮೇಲಿನ ಸಾಲಿನಲ್ಲಿ ‘ಎರಡೂ ಪಾದ ತಣ್ಣಗೆ’ ಎಂದಿತ್ತು.

ಅವರು ಬಾಯಿ ತೆರೆಯುವ ಮೊದಲೇ ಮಾರ್ಗದರ್ಶಿ ಮಾತನಾಡಿದರು. ‘ಮಳೆಗೆ ಸಿಕ್ಕ ಕರು ನಡುಗುತ್ತಿದ್ದರೆ ನಾವು ಹೆದರುವುದಿಲ್ಲ ಟೀಚರೇ. ನಡುಗುವುದನ್ನು ನಿಲ್ಲಿಸಿತೋ, ಮತ್ತೆ ಮೇಯಲು ಬಿಡುವುದಿಲ್ಲ, ಒಲೆಯ ಹತ್ತಿರ ತಂದು ಗೋಣಿ ಹೊದಿಸುತ್ತೇವೆ.’

ಇದು ಈ ಪ್ರಕರಣದ ತಿರುವು. ದೇಹದ ಒಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಹೈಪೋಥರ್ಮಿಯಾ. ಸುಮಾರು 32 ಡಿಗ್ರಿಯವರೆಗೆ ದೇಹ ನಡುಗುತ್ತ ತನಗೆ ಬೇಕಾದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದಕ್ಕಿಂತ ಕೆಳಗಿಳಿದಾಗ, ಇಲ್ಲವೇ ನಡುಗಲು ಬೇಕಾದ ಸಕ್ಕರೆ ಸ್ನಾಯುಗಳಲ್ಲಿ ಮುಗಿದಾಗ, ನಡುಕ ನಿಲ್ಲುತ್ತದೆ. ಆಮೇಲೆ ಪ್ರಜ್ಞೆ ಮಸುಕಾಗುತ್ತದೆ, ನಾಡಿ ಉಸಿರು ನಿಧಾನವಾಗುತ್ತವೆ. 28 ಡಿಗ್ರಿಯ ಆಸುಪಾಸಿಗೆ ಇಳಿದರೆ ಒರಟಾಗಿ ಅಲುಗಾಡಿಸಿದರೂ ಹೃದಯದ ಲಯ ತಪ್ಪಬಹುದು. ಆ ಗುಡ್ಡದ ಮೇಲೆ ಹಿಮವಿರಲಿಲ್ಲ, ಗಾಳಿಯ ಉಷ್ಣಾಂಶ ಹದಿನಾರು ಹದಿನೇಳು ಡಿಗ್ರಿ ಇದ್ದಿರಬಹುದು. ಆದರೆ ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಶಾಖವನ್ನು ಸಾಗಿಸುತ್ತದೆ. ಒದ್ದೆ ಹತ್ತಿ, ಬಿಡದ ಗಾಳಿ, ಅಲುಗಾಡಲಾಗದ ದೇಹ, ಕೆಳಗೆ ಹರಿಯುವ ನೀರು, ಬೆಳಗಿನ ಅವಲಕ್ಕಿಯ ನಂತರ ಖಾಲಿಯಾದ ಹೊಟ್ಟೆ: ಇಷ್ಟೂ ಸೇರಿದರೆ ಸಾಕು.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಕೆಟ್ಟ ಹವೆಗೆ ಸಿಕ್ಕಿ ಕರ್ನಾಟಕದ ತಂಡದ ಒಂಬತ್ತು ಮಂದಿ ತೀರಿಕೊಂಡಾಗ ನಮ್ಮಲ್ಲಿ ಚಳಿಯ ಅಪಾಯದ ಬಗ್ಗೆ ಬಹಳ ಮಾತಾಯಿತು. ಆ ಮಾತೆಲ್ಲ ಹಿಮಾಲಯಕ್ಕೆ ಸೇರಿದ್ದು ಎಂದು ಜನ ಅದನ್ನು ಅಲ್ಲೇ ಬಿಟ್ಟುಬಂದರು. ಘಟ್ಟದ ಚಾರಣಕ್ಕೆ ಹೊರಡುವವರು ಇಂದಿಗೂ ಇಂಬಳಕ್ಕೆ ಉಪ್ಪು ಸುಣ್ಣ ಕಟ್ಟಿಕೊಳ್ಳುತ್ತಾರೆ, ಹಾವಿಗೆ ಹೆದರುತ್ತಾರೆ. ಒಂದು ಒಣ ಉಣ್ಣೆ ಟೋಪಿಯನ್ನು ಚೀಲಕ್ಕೆ ಹಾಕಿಕೊಳ್ಳುವುದಿಲ್ಲ.

ನಿಲ್ಲುವ ನಿರ್ಧಾರ

‘ಹೊರುವುದು ಬೇಡ. ಇಲ್ಲೇ ನಿಲ್ಲೋಣ, ಮೊದಲು ಬೆಚ್ಚಗಾಗಲಿ’ ಎಂದು ಶಿಕ್ಷಕಿ ಹೇಳಿದಾಗ ನಾಯಕರು ಒಪ್ಪಲಿಲ್ಲ. ಕತ್ತಲಾಗುತ್ತದೆ, ಆಸ್ಪತ್ರೆಯೇ ಮುಖ್ಯ ಎಂದು ವಾದಿಸಿದರು. ಅವರ ವಾದ ತೆಗೆದುಹಾಕುವಂಥದ್ದಲ್ಲ. ಕಾಡಿನ ತುರ್ತುಚಿಕಿತ್ಸೆಯಲ್ಲಿ ಅತ್ಯಂತ ಕಷ್ಟದ ತೀರ್ಮಾನ ಇದೇ: ಸಾಗಬೇಕೋ, ನಿಲ್ಲಬೇಕೋ. ಶಿಕ್ಷಕಿ ಟಿಪ್ಪಣಿಯ ಪುಸ್ತಕವನ್ನು ಅವರ ಕೈಗಿಟ್ಟು, ನಾಡಿಯ ಮೂರು ಅಂಕಿಗಳನ್ನೂ ‘ಮಂಗಳವಾರ’ ಎಂಬ ಮಾತನ್ನೂ ತೋರಿಸಿದರು. ‘ಇನ್ನೊಂದು ಗಂಟೆ ಹೀಗೇ ಹೊತ್ತರೆ ಕಾಲಿನ ಚಿಂತೆಯೇ ಉಳಿಯುವುದಿಲ್ಲ ಸರ್’ ಎಂದರು. ಬರೆದಿಟ್ಟ ಅಂಕಿಗಳು ಇಲ್ಲದಿದ್ದರೆ ತಾನು ಒಪ್ಪುತ್ತಿರಲಿಲ್ಲ ಎಂದು ನಾಯಕರು ನನಗೆ ಹೇಳಿದ್ದಾರೆ.

ಐವತ್ತು ಹೆಜ್ಜೆ ಪಕ್ಕಕ್ಕೆ ಕಣಿವೆಯಲ್ಲಿ ಶೋಲಾ ಕಾಡಿನ ಅಂಚು. ಅದರೊಳಗೆ ಹೊಕ್ಕರೆ ಗಾಳಿ ಇಲ್ಲ. ಅಲ್ಲಿಗೆ ಸರಿದರು. ತಂಡವನ್ನು ಎರಡಾಗಿ ಒಡೆಯುವ ತೀರ್ಮಾನವೂ ಆಗಲೇ ಆಯಿತು: ಗಾಯಾಳು, ಶಿಕ್ಷಕಿ, ನಾಯಕ ಮತ್ತು ಗಟ್ಟಿಮುಟ್ಟಾದ ಇಬ್ಬರು ಉಳಿಯುವುದು; ಉಳಿದ ಏಳು ಮಂದಿಯನ್ನು ಮಾರ್ಗದರ್ಶಿ ಕೆಳಗಿನ ಹಳ್ಳದ ನೀರು ಏರುವ ಮುನ್ನ ದಾಟಿಸಿ, ಎದುರಿಗೆ ಬರುವ ಹಳ್ಳಿಯವರನ್ನು ಕರೆತರುವುದು. ಜೊತೆಗಿದ್ದ ಒಬ್ಬರೇ ಸ್ಥಳೀಯರನ್ನೂ ಕಳುಹಿಸಿಕೊಡುವುದು ಉಳಿದವರಿಗೆ ಎದೆಗುಂದುವ ವಿಷಯವೇ. ಆದರೆ ನೆನೆದು ನಡುಗುತ್ತಿದ್ದ ಏಳು ಮಂದಿ ಅಲ್ಲೇ ಕೂತಿದ್ದರೆ ಸಂಜೆಯ ಹೊತ್ತಿಗೆ ಇನ್ನಷ್ಟು ಗಾಯಾಳುಗಳಾಗುತ್ತಿದ್ದರು. ಮಾರ್ಗದರ್ಶಿ ಹೊರಡುವಾಗ ತಮ್ಮ ಕಂಬಳಿಯನ್ನು ಬಿಟ್ಟುಹೋದರು. ಹೊರಡುವವರ ಚೀಲದಲ್ಲಿದ್ದ ಒಣ ಬಟ್ಟೆ, ತಿಂಡಿ, ಪ್ಲಾಸ್ಟಿಕ್ ಎಲ್ಲವನ್ನೂ ಶಿಕ್ಷಕಿ ಕೇಳಿ ಇಳಿಸಿಕೊಂಡರು.

ಆಮೇಲೆ ನಡೆದ ಕೆಲಸ ನೋಡಲು ಸಾಮಾನ್ಯ, ಆದರೆ ಪ್ರತಿಯೊಂದಕ್ಕೂ ಕಾರಣವಿದೆ. ಮೊದಲು ನೆಲದಿಂದ ಬೇರ್ಪಡಿಸುವುದು: ಖಾಲಿ ಬೆನ್ನುಚೀಲಗಳನ್ನು ಸಾಲಾಗಿ ಹಾಸಿ, ಮೇಲೆ ಎಲೆಗೊಂಚಲು ಹರಡಿದರು. ದಪ್ಪ ಕಸದ ಚೀಲದಲ್ಲಿ ಒಬ್ಬರು ತಮ್ಮ ಬಟ್ಟೆಯನ್ನು ಕಟ್ಟಿಟ್ಟಿದ್ದರು. ಆ ಒಂದು ಚೀಲದ ಬಟ್ಟೆ ಮಾತ್ರ ಪೂರ್ತಿ ಒಣಗಿತ್ತು. ಸಣ್ಣ ಟಾರ್ಪಾಲಿನ ಮರೆಯಲ್ಲಿ ಗಾಯಾಳುವಿನ ಒದ್ದೆ ಟೀ ಶರ್ಟನ್ನು ಕತ್ತರಿಸಿ ತೆಗೆದು, ಮೈ ಒರೆಸಿ, ಒಣ ಅಂಗಿ ಹಾಕಿದರು. ಜೀನ್ಸನ್ನು ಬಿಚ್ಚಲು ಹೋಗಲಿಲ್ಲ. ದಬ್ಬೆ ಕದಲುತ್ತದೆ, ಅಷ್ಟು ಹೊತ್ತು ಮೈ ತೆರೆದಿಡಬೇಕಾಗುತ್ತದೆ. ಅದರ ಬದಲು ಕಾಲುಗಳನ್ನು ಒದ್ದೆ ಬಟ್ಟೆಸಮೇತ ಪ್ಲಾಸ್ಟಿಕ್ಕಿನೊಳಗೆ ಸುತ್ತಿ ಆವಿ ಹೊರಹೋಗದಂತೆ ಮಾಡಿದರು. ಅದರ ಮೇಲೆ ಕಂಬಳಿ. ಉಣ್ಣೆ ನೆಂದರೂ ಹತ್ತಿಯಂತೆ ಸೋತುಹೋಗದೆ ಬಿಸಿಯನ್ನು ಹಿಡಿದಿಡುತ್ತದೆ. ಕಂಬಳಿಯ ಮೇಲೆ ಟಾರ್ಪಾಲು. ತಲೆಗೆ ಟವೆಲ್ ಬಿಗಿದರು. ಮಲಗಿದವರು ಮಲಗಿದಂತೆಯೇ ಇರಬೇಕು, ಎಬ್ಬಿಸಿ ಕೂರಿಸಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದರು.

ಉಳಿದ ಇಬ್ಬರಲ್ಲಿ ಒಬ್ಬರು ಪ್ರೀತಿಯಿಂದಲೇ ಅಂಗಾಲು ತಿಕ್ಕಲು ಹೋದರು, ಇನ್ನೊಬ್ಬರು ಚೀಲದಿಂದ ಬ್ರಾಂದಿ ಬಾಟಲಿ ತೆಗೆದರು. ಎರಡನ್ನೂ ತಡೆಯಬೇಕಾಯಿತು. ತಿಕ್ಕಿದರೆ ಕೈಕಾಲಿನ ತಣ್ಣಗಿನ ರಕ್ತ ಎದೆಯತ್ತ ಮರಳುತ್ತದೆ. ಮದ್ಯ ಚರ್ಮದ ರಕ್ತನಾಳಗಳನ್ನು ತೆರೆದು, ಬೆಚ್ಚಗಾದ ಭಾವ ಕೊಟ್ಟು, ಉಳಿದ ಶಾಖವನ್ನೂ ಹೊರಹಾಕುತ್ತದೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇತ್ತು. ತಣ್ಣಗಿನ ಬೆರಳಿನಲ್ಲಿ ಅದು ಅಂಕಿ ತೋರಿಸಲಿಲ್ಲ. ಡಿಜಿಟಲ್ ಥರ್ಮಾಮೀಟರ್ ‘ಲೋ’ ಎಂದು ನಿಂತಿತು. ಜ್ವರ ನೋಡಲೆಂದು ಮಾಡಿದ ಮನೆಯ ಥರ್ಮಾಮೀಟರುಗಳಲ್ಲಿ ಅನೇಕವು ತೀರ ಕೆಳಗಿನ ಉಷ್ಣಾಂಶವನ್ನು ಅಳೆಯುವುದೇ ಇಲ್ಲ. ಗುಡ್ಡದ ಮೇಲೆ ನಂಬಬೇಕಾದ್ದು ಮಾತು, ಬೆರಳಿನ ಹಿಡಿತ, ನಡುಕ.

ಊಟ ಕೊಡಬೇಕೇ?

ಶಿಕ್ಷಕಿಯನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಮುರಿದ ಕಾಲಿಗೆ ಶಸ್ತ್ರಚಿಕಿತ್ಸೆ ಖಂಡಿತ. ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು. ಪಟ್ಟಣದ ಪ್ರಥಮ ಚಿಕಿತ್ಸೆಯಲ್ಲಿ ‘ಏನನ್ನೂ ಕೊಡಬೇಡಿ’ ಎಂದೇ ಕಲಿಸುತ್ತಾರೆ. ಇಲ್ಲಿ ದೇಹಕ್ಕೆ ಮತ್ತೆ ನಡುಗಲು ಸಕ್ಕರೆ ಬೇಕಿತ್ತು. ಆಸ್ಪತ್ರೆಗೆ ಇನ್ನೂ ಆರೇಳು ಗಂಟೆ. ಕೊಡುವುದೆಂದು ತೀರ್ಮಾನಿಸಿದರು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಮಾನ, ಮತ್ತು ಅದನ್ನು ಜಾರಿಗೆ ತಂದ ಬಗೆ ಇನ್ನೂ ಸರಿ. ತಕ್ಷಣ ಕೊಡಲಿಲ್ಲ. ಮಸುಕಾದ ಪ್ರಜ್ಞೆಯವರ ಬಾಯಿಗೆ ಏನಾದರೂ ಹಾಕಿದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಹೊದಿಸಿ ಅರ್ಧ ಗಂಟೆ ಕಾದು, ಹೆಸರು ಕೇಳಿದರೆ ಸ್ಪಷ್ಟವಾಗಿ ಹೇಳುವಂತಾಗಿ, ಚಹಾದ ಲೋಟವನ್ನು ತಾವೇ ಹಿಡಿಯಬಲ್ಲರೆಂದು ಕಂಡ ಮೇಲೆ, ತಲೆಯನ್ನು ತುಸು ಎತ್ತಿ ಒಂದೊಂದೇ ಗುಟುಕು.

ಫ್ಲಾಸ್ಕಿನಲ್ಲಿ ಅರ್ಧ ಲೀಟರ್ ಚಹಾ ಉಳಿದಿತ್ತು. ಅಷ್ಟು ಚಹಾದ ಬಿಸಿಯಿಂದ ಒಬ್ಬ ವಯಸ್ಕನ ದೇಹದ ಶಾಖ ಕಾಲು ಡಿಗ್ರಿಯೂ ಏರುವುದಿಲ್ಲ. ಕೆಲಸ ಮಾಡುವುದು ಅದರೊಳಗಿನ ಸಕ್ಕರೆ. ಅದಕ್ಕೇ ಶಿಕ್ಷಕಿ ಚಹಾಕ್ಕೆ ಗ್ಲುಕೋಸ್ ಪುಡಿ ಸೇರಿಸಿದರು, ಆಮೇಲೆ ಕಡಲೆಮಿಠಾಯಿಯನ್ನು ಪುಡಿ ಮಾಡಿ ಚಿಟಿಕೆ ಚಿಟಿಕೆಯಾಗಿ ಕೊಟ್ಟರು. ಏನು, ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಬರೆದರು. ಅರಿವಳಿಕೆ ತಜ್ಞರು ಮೊದಲು ಕೇಳಿದ್ದು ಅದನ್ನೇ.

ನಾಲ್ಕು ಗಂಟೆಯ ಸುಮಾರಿಗೆ ಗಾಯಾಳು ಮತ್ತೆ ನಡುಗತೊಡಗಿದರು. ಹಲ್ಲು ಕಟಕಟಿಸುವಷ್ಟು ಜೋರು ನಡುಕ. ಜೊತೆಗಿದ್ದವರು ಹೆದರಿದರು. ಶಿಕ್ಷಕಿಗೆ ಅಂದಿನ ಅತ್ಯಂತ ಒಳ್ಳೆಯ ಸುದ್ದಿ ಅದಾಗಿತ್ತು. ನಾಡಿ 96ಕ್ಕೆ ಏರಿತು. ಕಾಲು ವಿಪರೀತ ನೋಯುತ್ತಿದೆ ಎಂದು ಗಾಯಾಳು ಬೈದುಕೊಂಡರು. ಇವತ್ತು ಶನಿವಾರ ಎಂದೂ ಹೇಳಿದರು.

ಇಳಿದದ್ದು

5.15ಕ್ಕೆ ಹಳ್ಳಿಯಿಂದ ಹನ್ನೊಂದು ಮಂದಿ ಬಂದರು. ಬಿದಿರಿನ ಗಳ, ಹಗ್ಗ, ಹೆಡ್‌ಲೈಟುಗಳು, ನಾಲ್ಕು ಕಂಬಳಿ, ಬೆಲ್ಲ ಹಾಕಿದ ಮೆಣಸಿನ ಕಷಾಯದ ಎರಡು ಫ್ಲಾಸ್ಕು. ಆ ಕಡೆ ಕಾಯಿಲೆಯವರನ್ನು ಕಂಬಳಿಯ ಜೋಲಿಯಲ್ಲಿ ಹೊರುವ ರೂಢಿ ಹಳೆಯದು. ರಸ್ತೆಯಿಲ್ಲದ ಊರುಗಳಲ್ಲಿ ಬಾಣಂತಿಯರನ್ನೂ ಮುದುಕರನ್ನೂ ಹಾಗೆಯೇ ತಂದಿದ್ದಾರೆ. ಜೋಲಿಯಲ್ಲಿ ದೇಹ ಬಾಗುತ್ತದೆ, ಮುರಿದ ಕಾಲಿಗೆ ಅದು ಆಗದು ಎಂದು ಶಿಕ್ಷಕಿ ವಿವರಿಸಿದರು. ಹಿರಿಯರೊಬ್ಬರು ಎರಡು ಗಳಗಳ ನಡುವೆ ಹಗ್ಗವನ್ನು ಮಂಚದ ಹಗ್ಗದಂತೆ ಹೆಣೆದು ಹತ್ತೇ ನಿಮಿಷದಲ್ಲಿ ಚಪ್ಪಟೆ ಸ್ಟ್ರೆಚರ್ ಸಿದ್ಧಪಡಿಸಿದರು. ನಾನು ಕಂಡ ಯಾವ ತರಬೇತಿ ಪುಸ್ತಕದ ಚಿತ್ರಕ್ಕಿಂತಲೂ ಅದು ಗಟ್ಟಿಯಾಗಿತ್ತು ಎನ್ನಲು ಅದರ ಫೋಟೋ ನನ್ನ ಬಳಿ ಇದೆ.

ಅವರು ಹೊತ್ತ ಬಗೆಯೂ ಬೇರೆ. ಒಬ್ಬರು ಮುಂದೆ ದಾರಿ ನೋಡಿ ಕೂಗಿ ಹೇಳುವುದು, ಆ ಕೂಗಿನಂತೆ ಉಳಿದವರು ಹೆಜ್ಜೆಯಿಡುವುದು, ನಿಲ್ಲದೆಯೇ ಭುಜ ಬದಲಿಸುವುದು. ಅರ್ಧ ಗಂಟೆಗೊಮ್ಮೆ ಮಾತ್ರ ಶಿಕ್ಷಕಿ ನಿಲ್ಲಿಸಿ ಪಾದದ ನಾಡಿ, ಮಾತು, ಹೊದಿಕೆ ನೋಡುತ್ತಿದ್ದರು. ಒಮ್ಮೆ ಕಾಲು ಊದಿ ಕಟ್ಟು ಬಿಗಿಯಾದದ್ದು ಕಂಡು ಸಡಿಲಿಸಿದರು. ಒಂಬತ್ತಕ್ಕೆ ಹಳ್ಳಿ, ಅಲ್ಲಿಂದ ಜೀಪು, ಆಮೇಲೆ ಆಂಬುಲೆನ್ಸ್. ತಾಲ್ಲೂಕು ಆಸ್ಪತ್ರೆಯಲ್ಲಿ ಅಳೆದಾಗ ದೇಹದ ಶಾಖ 34.6 ಡಿಗ್ರಿ ಇತ್ತು. ಏಳು ಗಂಟೆ ಬೆಚ್ಚಗಿಟ್ಟ ನಂತರದ ಅಂಕಿ ಅದು. ಮರುದಿನ ಮಂಗಳೂರಿನಲ್ಲಿ ಮೂಳೆಯೊಳಗೆ ರಾಡ್ ಹಾಕುವ ಶಸ್ತ್ರಚಿಕಿತ್ಸೆಯಾಯಿತು.

ಈ ಪ್ರಕರಣದ ಬಳಿಕ

ಮೊದಲ ನಲವತ್ತು ನಿಮಿಷ ಗಾಯಾಳುವನ್ನು ಒದ್ದೆ ನೆಲದಲ್ಲಿ ಬಿಟ್ಟದ್ದಕ್ಕೆ ಶಿಕ್ಷಕಿಯನ್ನು ದೂಷಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಭಾಂಗಣದ ಜಮಖಾನೆಯ ಮೇಲೆ, ಫ್ಯಾನಿನ ಕೆಳಗೆ ದಬ್ಬೆ ಕಟ್ಟಲು ಕಲಿತವರಿಗೆ ನೆಲವೇ ಅಪಾಯ ಎಂಬುದು ಹೊಳೆಯುವುದಿಲ್ಲ. ಅದು ಕಲಿಸುವವರ ಹೊಣೆ. ನಮ್ಮ ತರಬೇತಿಯ ಎರಡನೆಯ ದಿನವನ್ನು ಈಗ ಹೊರಗೆ, ಸಾಧ್ಯವಾದರೆ ಮಳೆಯಲ್ಲೇ ನಡೆಸುತ್ತೇವೆ. ಗಾಯಾಳುವಿನ ಪಾತ್ರ ವಹಿಸುವವರು ಒದ್ದೆ ಹುಲ್ಲಿನ ಮೇಲೆ ಹತ್ತು ನಿಮಿಷ ಮಲಗಬೇಕು. ಎದ್ದವರು ಮುಂದೆ ಯಾರನ್ನೂ ನೆಲದ ಮೇಲೆ ಹಾಗೇ ಬಿಡುವುದಿಲ್ಲ. ಉಸಿರು, ರಕ್ತಸ್ರಾವ ನೋಡಿದ ಕೂಡಲೇ, ತಲೆಯಿಂದ ಪಾದದ ಪರೀಕ್ಷೆಗೆ ಮೊದಲೇ, ಕೆಳಗೊಂದು ಹಾಸು ಮೇಲೊಂದು ಹೊದಿಕೆ ಎಂಬುದನ್ನು ಕ್ರಮದೊಳಗೆ ಸೇರಿಸಿದ್ದೇವೆ.

ಇನ್ನೊಂದು ಬದಲಾವಣೆ ನನಗೆ ಹೆಚ್ಚು ಮುಖ್ಯ. ಇಂಥ ತರಬೇತಿಗಳು ಬಹುಪಾಲು ನಗರಗಳಲ್ಲಿ, ಇಂಗ್ಲಿಷಿನಲ್ಲಿ, ಹಳ್ಳಿಯ ಮಾರ್ಗದರ್ಶಿಯ ಕೈಗೆಟುಕದ ಶುಲ್ಕದಲ್ಲಿ ನಡೆಯುತ್ತವೆ. ಆದರೆ ಗುಡ್ಡದಲ್ಲಿ ಯಾರೇ ಬಿದ್ದರೂ ಕೊನೆಗೆ ಹೊತ್ತು ತರುವವರು ಆ ಹಳ್ಳಿಯವರೇ. ಕರುವಿನ ನಡುಕ ನಿಂತರೆ ಏನು ಮಾಡಬೇಕೆಂದು ತಿಳಿದವರಿಗೆ ಹೈಪೋಥರ್ಮಿಯಾ ಕಲಿಸುವುದು ಕಷ್ಟವಲ್ಲ. ತಮಗೆ ಗೊತ್ತಿರುವುದು ಮನುಷ್ಯರ ವಿಷಯದಲ್ಲೂ ನಿಜ, ನಗರದವರ ಮುಂದೆ ಅದನ್ನು ಗಟ್ಟಿಯಾಗಿ ಹೇಳಬಹುದು ಎಂಬ ಧೈರ್ಯ ಬರಬೇಕು ಅಷ್ಟೆ. ಅಂದು ಮಾರ್ಗದರ್ಶಿ ಚಳಿಯನ್ನು ಮೊದಲೇ ಗಮನಿಸಿದ್ದರು. ‘ಓದಿದವರು ನೋಡುತ್ತಿದ್ದಾರಲ್ಲ’ ಎಂದು ಸುಮ್ಮನಿದ್ದರಂತೆ.

ಆ ಹಳ್ಳಿಯ ಶಾಲೆಯಲ್ಲಿ ಎರಡು ದಿನ ಕನ್ನಡದಲ್ಲೇ ತರಬೇತಿ ನಡೆಸಿದೆವು. ಹೆಂಗಸರೂ ಬಂದಿದ್ದರು, ತೋಟದ ಕೆಲಸದವರೂ ಬಂದಿದ್ದರು. ಕೊನೆಯಲ್ಲಿ ಒಂದು ಪೆಟ್ಟಿಗೆ ಸಿದ್ಧವಾಯಿತು: ಮಡಚುವ ಸ್ಟ್ರೆಚರ್, ಎರಡು ಕಂಬಳಿ, ಫೋಮ್ ಹಾಸು, ದಪ್ಪ ಪ್ಲಾಸ್ಟಿಕ್ ಹಾಳೆ, ದಬ್ಬೆ, ಗ್ಲುಕೋಸ್, ಪೆನ್ಸಿಲ್ ಕಟ್ಟಿದ ಟಿಪ್ಪಣಿ ಪುಸ್ತಕ. ಅದನ್ನು ಎಲ್ಲಿಡಬೇಕೆಂಬ ಚರ್ಚೆ ಒಂದು ಗಂಟೆ ನಡೆಯಿತು. ಕಚೇರಿಗಳಿಗೆ ಸಂಜೆ ಬೀಗ ಬೀಳುತ್ತದೆ, ಶಾಲೆಗೆ ರಜೆ ಇರುತ್ತದೆ. ಕೊನೆಗೆ ಗುಡ್ಡದ ದಾರಿಗೆ ಅತ್ಯಂತ ಹತ್ತಿರದ ಮನೆಯ ಜಗಲಿಯಲ್ಲಿ, ಬೀಗವಿಲ್ಲದೆ ಇಡುವುದೆಂದಾಯಿತು. ಕಂಬಳಿಗಳನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕುವ ಹೊಣೆಯನ್ನು ಆ ಮನೆಯ ಸೊಸೆ ವಹಿಸಿಕೊಂಡಿದ್ದಾರೆ.